ಬೀಟೆ ನಮ್ಮ ಕಾಡಿಂದು, ಬಡಗಿ ನಮ್ಮೂರವ, ಗಿಟಾರ್ ಮಾತ್ರ ಸ್ಪೇನಿಂದ ಬರ್ಬೇಕಾ?

ಮಾನ್ಯ ಸಂಪಾದಕರೇ, ನಮಸ್ಕಾರ.

ಹೋದ ಭಾನುವಾರದ ಪುರವಣಿಲಿ ಗೋವಾದ ಸಂಗೀತ, ಗಿಟಾರ್ ಬಗ್ಗೆ ಒಂದು ಲೇಖನ ಹಾಕಿದ್ರಿ. ಕನ್ನಡದಲ್ಲಿ ಇಂಥದ್ದು ಬರೋದೇ ಅಪರೂಪ, ಅದಕ್ಕೆ ಮೊದಲು ಥ್ಯಾಂಕ್ಸ್. ಆದ್ರೆ ಅದ್ರಲ್ಲಿ ಎರಡು ಮಾತು ಓದಿ ಸುಮ್ನೆ ಕೂರೋಕಾಗ್ಲಿಲ್ಲ. ಒಂದು, ಫ್ಲಾಮೆಂಕೋ ಗಿಟಾರ್ ಪೋರ್ಚುಗೀಸರ ಜೊತೆ ಗೋವಾಕ್ಕೆ ಬಂತು ಅಂದದ್ದು. ಇನ್ನೊಂದು, ಕೈಯಲ್ಲಿ ಮಾಡಿದ ಗಿಟಾರ್‌ಗೆ ಲಕ್ಷಗಟ್ಟಲೆ ಸುರಿಯೋದು ದುಡ್ಡಿದ್ದವರ ಶೋಕಿ, ಫ್ಯಾಕ್ಟರಿ ಮಾಲಿಗೂ ಅದಕ್ಕೂ ವ್ಯತ್ಯಾಸ ಹೆಸರಲ್ಲಿ ಮಾತ್ರ ಅಂದದ್ದು.

ಮೊದಲನೇದು ಬೇಗ ಮುಗಿಸ್ತೀನಿ. ಫ್ಲಾಮೆಂಕೋ ಅನ್ನೋ ಹಾಡು ಕುಣಿತದ ಪದ್ಧತಿ ಪೋರ್ಚುಗಲ್‌ದಲ್ಲ, ಸ್ಪೇನಿನ ದಕ್ಷಿಣದ ಆಂದಲೂಸಿಯಾದ್ದು, ಸೆವಿಲ್ಲೆ, ಕಾದಿಸ್, ಗ್ರನಾದಾ ಆ ಕಡೆ. 2010ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದೂ ಸ್ಪೇನ್ ಹೆಸರಲ್ಲೇ. ಪೋರ್ಚುಗೀಸರ ಗಿತಾರ್ರಾ ಅನ್ನೋದು ಬೇರೆ ವಾದ್ಯ, ಫಾದೋ ಹಾಡಿಗೆ ನುಡಿಸ್ತಾರೆ, ಹನ್ನೆರಡು ಲೋಹದ ತಂತಿ, ದುಂಡು ಹೊಟ್ಟೆ, ಗೋವಾದಲ್ಲಿ ಈಗಲೂ ಕೆಲವರು ನುಡಿಸೋರಿದ್ದಾರೆ. ನೀವು ಹಾಕಿದ ಫೋಟೋದಲ್ಲಿ ಇರೋದೂ ಅದೇ, ಕೆಳಗೆ ಮಾತ್ರ ಫ್ಲಾಮೆಂಕೋ ಅಂತ ಬರೆದಿದೆ. ಇರ್ಲಿ.

ಎರಡನೇದು ಅಷ್ಟು ಬೇಗ ಮುಗಿಯಲ್ಲ, ಯಾಕಂದ್ರೆ ಅದು ನನ್ನ ಕೆಲಸಕ್ಕೆ ಸಂಬಂಧಪಟ್ಟದ್ದು. ನಾನು ಕುಮಟಾ ಕಡೆಯವ, ಮಡಗಾಂವಲ್ಲಿ ಫರ್ನಿಚರ್ ಪಾಲಿಶ್ ಕೆಲಸ. ಗಿಟಾರ್ ನುಡಿಸೋಕೆ ಬರಲ್ಲ, ಸಂಗೀತದ ಬಗ್ಗೆ ಮಾತಾಡೋ ಅರ್ಹತೆ ನನಗಿಲ್ಲ, ಆದ್ರೆ ಮರದ ಬಗ್ಗೆ, ಅರಗಿನ ಬಗ್ಗೆ ಮಾತಾಡ್ಬಹುದು ಅಂದ್ಕೊಂಡಿದೀನಿ. ಈಗ ಎಲ್ಲಾರಿಗೂ ಪಿಯು, ಮೆಲಮೈನ್ ಅನ್ನೋ ಪ್ಲಾಸ್ಟಿಕ್ ಥರದ ಪಾಲಿಶ್ ಬೇಕು, ಸ್ಪ್ರೇ ಗನ್ ಹಿಡಿದ್ರೆ ಒಂದು ಬಾಗಿಲು ಮಧ್ಯಾಹ್ನದೊಳಗೆ ಮುಗೀತು. ಚಪ್ಡಾ ಅರಗನ್ನ ಸ್ಪಿರಿಟ್‌ನಲ್ಲಿ ಕರಗಿಸಿ ಬಟ್ಟೆ ಮುದ್ದೆಲಿ ಉಜ್ಜಿ ಉಜ್ಜಿ ಹೊಳಪು ತರೋ ಹಳೇ ಪದ್ಧತಿ ಗೊತ್ತಿರೋರು ಮಡಗಾಂವಲ್ಲಿ ಬೆರಳೆಣಿಕೆ, ಅವರಲ್ಲಿ ನಾನೊಬ್ಬ. ಪೋರ್ಚುಗೀಸ್ ಕಾಲದ ಮನೆಗಳಲ್ಲಿ ಬೀಟೆ ಮೇಜು, ಕುರ್ಚಿ, ಅಲ್ಮೇರಾ ಇರ್ತಾವಲ್ಲ, ಅವುಗಳಿಗೆ ಕರೀತಾರೆ. ಹಾಗೆ ಒಂದು ಮನೇಲಿ ಕೆಲಸ ಮಾಡ್ತಿದ್ದಾಗ್ಲೇ ದಕ್ಷಿಣ ಗೋವಾದ ಸಾಲ್ಸೆಟ್ ಕಡೆಯ ಒಬ್ಬ ಹಿರಿಯರು ಬಂದು ನನ್ನ ಕೈ ನೋಡ್ಕೊಂಡು ನಿಂತ್ರು, ಆಮೇಲೆ ಗಿಟಾರ್‌ಗೆ ಇದೇ ಪಾಲಿಶ್ ಮಾಡ್ತೀಯಾ ಅಂತ ಕೇಳಿದ್ರು. ಹಡಗಿನಲ್ಲಿ ಬಡಗಿ ಆಗಿದ್ದು ರಿಟೈರ್ ಆದವರು, ಈಗ ಮನೆ ಹಿಂದಿನ ಕೋಣೆಲಿ ಕ್ಲಾಸಿಕಲ್ ಮತ್ತೆ ಫ್ಲಾಮೆಂಕೋ ಗಿಟಾರ್ ಮಾಡ್ತಾರೆ. ಹೆಸರು ಹಾಕ್ಬೇಡ ಅಂದಿದ್ದಾರೆ, ಹಾಕಲ್ಲ.

ಆವತ್ತಿಂದ ಅವರ ಗಿಟಾರ್‌ಗಳ ಪಾಲಿಶ್ ನನ್ನದೇ. ಮೊದಲ ಸಲ ಅವರು ಪಾಲಿಶ್ ಇಲ್ಲದ ಬರಿ ಗಿಟಾರ್ ಕೈಗೆ ಕೊಟ್ಟಾಗ ನನಗೆ ಭಯಾನೇ ಆಗಿದ್ದು, ಅಷ್ಟು ಹಗುರ. ಇಡೀ ವಾದ್ಯ ಒಂದೂವರೆ ಕೆಜಿ ಸುತ್ತಮುತ್ತ, ಫ್ಲಾಮೆಂಕೋ ಆದ್ರೆ ಇನ್ನೂ ಕಮ್ಮಿ. ಮುಂದಿನ ಹಲಗೆ ಎರಡು, ಎರಡೂವರೆ ಮಿಲಿಮೀಟರ್, ಅಷ್ಟೇ. ಆ ತೆಳು ಹಲಗೆ ಮೇಲೆ ಆರು ನೈಲಾನ್ ತಂತಿ ಸೇರಿ ಸುಮಾರು 40 ಕೆಜಿ ಎಳೀತಿರ್ತಾವೆ, ಹಗಲೂ ರಾತ್ರಿ, ವರ್ಷಗಟ್ಟಲೆ. ದಪ್ಪ ಮಾಡಿದ್ರೆ ಮುರಿಯಲ್ಲ ಆದ್ರೆ ಸದ್ದು ಬರಲ್ಲ, ತೆಳು ಮಾಡಿದ್ರೆ ಸದ್ದು ಬರುತ್ತೆ ಆದ್ರೆ ಹೊಟ್ಟೆ ಉಬ್ಬುತ್ತೆ, ಇವೆರಡರ ನಡುವೆ ಎಲ್ಲಿ ನಿಲ್ಸ್ಬೇಕು ಅನ್ನೋದು ಪ್ರತಿ ಹಲಗೆಗೂ ಬೇರೆ ಬೇರೆ. ಅದಕ್ಕೇ ಅವರು ಉಜ್ಜುಗೊರಡು ಪಕ್ಕಕ್ಕಿಟ್ಟು ಹಲಗೆ ಅಂಚನ್ನ ಎರಡೇ ಬೆರಳಲ್ಲಿ ಹಿಡಿದು ಇನ್ನೊಂದು ಕೈ ಗೆಣ್ಣಿಂದ ತಟ್ಟಿ ತಟ್ಟಿ ಕೇಳ್ತಾರೆ, ಮತ್ತೆ ಬಗ್ಗಿಸಿ ನೋಡ್ತಾರೆ, ಮತ್ತೆ ಒಂದು ಎಳೆ ಉಜ್ತಾರೆ. ಫ್ಯಾಕ್ಟರಿಲಿ ಮಷಿನ್ ಎಲ್ಲಾ ಹಲಗೆನೂ ಒಂದೇ ದಪ್ಪಕ್ಕೆ ಕೊಯ್ಯುತ್ತೆ, ಅದೂ ವಾರಂಟಿ ಕ್ಲೇಮ್ ಬರ್ಬಾರ್ದು ಅಂತ ಸ್ವಲ್ಪ ಜಾಸ್ತಿ ದಪ್ಪಕ್ಕೇ. ವ್ಯತ್ಯಾಸ ಹೆಸರಲ್ಲಿ ಮಾತ್ರ ಅಂತ ಬರೆದ ಲೇಖಕರು ಒಂದ್ಸಲ ಎರಡೂ ಗಿಟಾರ್ ಎತ್ತಿ ನೋಡಿದ್ರೂ ಸಾಕಿತ್ತು, ತಂತಿ ಮುಟ್ಟೋದೂ ಬೇಡ.

ಈ ಮುಂದಿನ ಹಲಗೆ ಕಥೆ ಶುರುವಾಗೋದು ಆಂತೋನಿಯೋ ದೆ ಟೊರೆಸ್ ಅನ್ನೋರಿಂದ. 1817ರಲ್ಲಿ ಸ್ಪೇನಿನ ಆಲ್ಮೇರಿಯಾ ಹತ್ರ ಹುಟ್ಟಿ, ಬಡಗಿ ಕೆಲಸ ಕಲ್ತು, ಸೆವಿಲ್ಲೆಲಿ ಗಿಟಾರ್ ಅಂಗಡಿ ಇಟ್ಟವರು. ಇವತ್ತು ನಾವು ನೋಡೋ ಕ್ಲಾಸಿಕಲ್ ಗಿಟಾರ್‌ನ ಆಕಾರ, ಅಳತೆ, 650 ಮಿಲಿಮೀಟರ್ ತಂತಿ ಉದ್ದ, ಹಲಗೆ ಒಳಗೆ ಬೀಸಣಿಗೆ ಆಕಾರದಲ್ಲಿ ಅಂಟಿಸೋ ಏಳು ಸಣ್ಣ ಪಟ್ಟಿ, ಇದೆಲ್ಲ ನೆಲೆಗೆ ಬಂದದ್ದು ಅವರ ಕೈಯಲ್ಲಿ. 1862ರಲ್ಲಿ ಅವರೊಂದು ತಮಾಷೆ ಮಾಡಿದ್ರು, ಗಿಟಾರ್‌ನ ಹಿಂಬದಿ, ಪಕ್ಕ ಎರಡನ್ನೂ ರಟ್ಟಿನಲ್ಲಿ ಮಾಡಿ ಮುಂದಿನ ಹಲಗೆ ಮಾತ್ರ ಒಳ್ಳೇ ಸ್ಪ್ರೂಸ್ ಮರದ್ದು ಹಾಕಿದ್ರು, ನಾದ ಹುಟ್ಟೋದು ಎಲ್ಲಿ ಅಂತ ತೋರ್ಸೋಕೆ. ಆ ರಟ್ಟಿನ ಗಿಟಾರ್ ಈಗ ಬಾರ್ಸಿಲೋನಾದ ಸಂಗೀತ ಮ್ಯೂಸಿಯಂನಲ್ಲಿದೆ. ಇಷ್ಟು ದೊಡ್ಡ ಮನುಷ್ಯ ನಡುವೆ ಗಿಟಾರ್ ಬಿಟ್ಟು ಊರಲ್ಲಿ ಪಿಂಗಾಣಿ ಅಂಗಡಿ ಹಾಕಿದ್ರಂತೆ, ಹೊಟ್ಟೆಪಾಡು ಎಲ್ಲಾ ಕಾಲದಲ್ಲೂ ಒಂದೇ. 1875ರ ಹೊತ್ತಿಗೆ ಮತ್ತೆ ಶುರು ಮಾಡಿ 1892ರಲ್ಲಿ ತೀರ್ಕೊಳ್ಳೋ ತನಕ ಮಾಡಿದ್ರು. ಪತ್ರ ಉದ್ದ ಆಯ್ತು ಅಂತ ಕತ್ತರಿ ಹಾಕೋದಾದ್ರೆ ಈ ಪ್ಯಾರಾ ತೆಗೀರಿ ಸರ್, ಕೆಳಗೆ ಬರೋ ಬೀಟೆ ವಿಷಯ ಮಾತ್ರ ಮುಟ್ಬೇಡಿ.

ಈಗ ನನ್ನ ಪಾಲಿಶ್‌ಗೆ ಬರ್ತೀನಿ. ಇಷ್ಟು ತೆಳು ಹಲಗೆ ಮೇಲೆ ಪಿಯು ಹೊಡೆದ್ರೆ ಪ್ಲಾಸ್ಟಿಕ್ ಕೋಟು ತೊಡಿಸಿದ ಹಾಗೆ, ಹಲಗೆ ಅಲುಗಾಡೋಕೆ ಒದ್ದಾಡುತ್ತೆ. ಅರಗಿನ ಪದರ ಬಹಳ ತೆಳು ಇರುತ್ತೆ. ಅದಕ್ಕೇ ಒಳ್ಳೇ ಗಿಟಾರ್ ಮಾಡೋರು ಸ್ಪೇನಲ್ಲಾಗ್ಲಿ ಜರ್ಮನಿಲಾಗ್ಲಿ ಇವತ್ತಿಗೂ ಈ ಅರಗಿನ ಪಾಲಿಶೇ ಮಾಡ್ತಾರೆ, ಅದಕ್ಕೆ ಫ್ರೆಂಚ್ ಪಾಲಿಶ್ ಅಂತಾರೆ. ಹೆಸರು ಫ್ರೆಂಚ್, ಅರಗು ಬರೋದು ನಮ್ಮ ಜಾರ್ಖಂಡ್, ಛತ್ತೀಸ್‌ಗಢದ ಕುಸುಮ, ಪಲಾಶ ಮರಗಳ ಮೇಲೆ ಕೂರೋ ಹುಳದಿಂದ, ಚನ್ನಪಟ್ಟಣದ ಬೊಂಬೆಗೆ ಬಣ್ಣ ಹಿಡಿಸೋದೂ ಇದೇ ಅರಗು. ಒಳಗೆ ಹತ್ತಿ, ಹೊರಗೆ ತೊಳೆದು ತೊಳೆದು ಮೆತ್ತಗಾದ ಹಳೇ ಪಂಚೆ ತುಂಡು, ಇಷ್ಟೇ ಆಯುಧ. ಮೊದಲು ಪ್ಯೂಮಿಸ್ ಕಲ್ಲಿನ ಪುಡಿ ಚೂರು ಉದುರಿಸಿ ಸ್ಪಿರಿಟ್ ಜೊತೆ ಉಜ್ಜಿ ಬೀಟೆಯ ಸಣ್ಣ ಸಣ್ಣ ರಂಧ್ರ ಮುಚ್ಚಬೇಕು, ಆಮೇಲೆ ಅರಗು, ಮೇಲೆ ಒಂದೇ ಹನಿ ಎಣ್ಣೆ, ಸ್ಪೇನಿನವರು ಆಲಿವ್ ಎಣ್ಣೆ ಬಳಸ್ತಾರೆ. ದುಂಡಗೆ, ಎಂಟರ ಆಕಾರದಲ್ಲಿ, ಉದ್ದಕ್ಕೆ, ಕೈ ಒಂದು ಕ್ಷಣ ನಿಂತ್ರೂ ಮುದ್ದೆ ಅಲ್ಲೇ ಅಂಟಿ ಹಿಂದಿನ ಪದರ ಕಿತ್ಕೊಂಡು ಬರುತ್ತೆ. ಒಂದಷ್ಟು ಉಜ್ಜಿ ಒಣಗೋಕೆ ಬಿಡೋದು, ಮತ್ತೆ ಉಜ್ಜೋದು, ಹೀಗೆ ವಾರಗಟ್ಟಲೆ ಹಿಡಿಯುತ್ತೆ. ಗೋವಾದ ಮಳೆಗಾಲದಲ್ಲಿ ಇದು ಮಾಡೋಕೇ ಹೋಗ್ಬಾರ್ದು, ಗಾಳಿಯ ತೇವ ಅರಗಿನೊಳಗೆ ಸಿಕ್ಕಿ ಬೆಳ್ಳಗೆ ಮಂಕು ಕೂರುತ್ತೆ. ಬೆವರು, ಫೆನಿ ಎರಡೂ ಇದಕ್ಕೆ ಆಗಲ್ಲ, ಒಂದು ಹನಿ ಫೆನಿ ಬಿದ್ರೆ ಅಲ್ಲಿಗೆ ನನ್ನನ್ನ ಮತ್ತೆ ಕರೀಬೇಕು. ಗೋವಾದಲ್ಲಿ ಇದು ಸಣ್ಣ ಸಮಸ್ಯೆ ಅಲ್ಲ ಅಂತ ನಿಮಗೆ ಹೇಳೋದು ಬೇಡ.

ಕ್ಲಾಸಿಕಲ್ ಗಿಟಾರ್‌ಗೂ ಫ್ಲಾಮೆಂಕೋಗೂ ವ್ಯತ್ಯಾಸ ಏನು ಅಂತ ಲೇಖನದಲ್ಲಿ ಇರ್ಲಿಲ್ಲ, ನಾನು ಕಂಡಷ್ಟು ಹೇಳ್ತೀನಿ. ಎರಡಕ್ಕೂ ಮುಂದೆ ಸಾಮಾನ್ಯವಾಗಿ ಯುರೋಪಿನ ಸ್ಪ್ರೂಸ್. 1960ರ ದಶಕದಲ್ಲಿ ಮ್ಯಾಡ್ರಿಡ್‌ನ ಮೂರನೇ ಹೊಸೆ ರಾಮಿರೆಸ್ ಅಮೆರಿಕದ ಕೆಂಪು ಸೀಡರ್ ಹಾಕೋಕೆ ಶುರು ಮಾಡಿದ್ಮೇಲೆ ಕ್ಲಾಸಿಕಲ್‌ನಲ್ಲಿ ಅದೂ ಬಂತು. ಹಿಂಬದಿ, ಪಕ್ಕ ಕ್ಲಾಸಿಕಲ್ ಆದ್ರೆ ಬೀಟೆ ಜಾತಿ, ಫ್ಲಾಮೆಂಕೋ ಆದ್ರೆ ಸೈಪ್ರೆಸ್, ಬಿಳಿ ಹಳದಿ ಮರ, ಅದನ್ನ ಬ್ಲಾಂಕಾ ಅಂತಾರೆ, ಕೊಯ್ದ್ರೆ ಕೋಣೆ ತುಂಬ ಘಮ ಅನ್ನುತ್ತೆ. ಫ್ಲಾಮೆಂಕೋದಲ್ಲೂ ಬೀಟೆ ಹಾಕಿದ್ರೆ ನೆಗ್ರಾ, ಹೆಸರಾಂತ ಫ್ಲಾಮೆಂಕೋ ವಾದಕ ಪಾಕೋ ದೆ ಲೂಸಿಯಾ ನುಡಿಸ್ತಿದ್ದ ಮ್ಯಾಡ್ರಿಡ್ ಕೊಂದೆ ಮನೆತನದ ಗಿಟಾರ್‌ಗಳಿಂದ ಅದು ಜಗತ್ತಿಗೆಲ್ಲ ಗೊತ್ತಾಯ್ತು. ಫ್ಲಾಮೆಂಕೋದಲ್ಲಿ ತಂತಿ ಹಲಗೆಗೆ ಬಹಳ ಹತ್ರ, ಬೆರಳಿಂದ ಹಲಗೆ ಮೇಲೆ ಟಕ್ ಟಕ್ ಹೊಡೀತಾರೆ, ಅದಕ್ಕೆ ಗೋಲ್ಪಿಯಡೋರ್ ಅಂತ ತೆಳು ಪ್ಲಾಸ್ಟಿಕ್ ಹಾಳೆ ಅಂಟಿಸಿರ್ತಾರೆ, ಇಲ್ಲಾಂದ್ರೆ ನನ್ನ ಪಾಲಿಶ್ ಒಂದೇ ಸಂಜೆಗೆ ಹೋಯ್ತು. ನಾದ ಒಣ, ಚುರುಕು, ಬಂದಷ್ಟೇ ಬೇಗ ಆರಿಹೋಗುತ್ತೆ. ಕುಣಿಯೋರ ಕಾಲಿನ ಸದ್ದು, ಚಪ್ಪಾಳೆ, ಹಾಡೋರ ಕೂಗು ಇಷ್ಟೂ ದಾಟಿ ಕೇಳ್ಬೇಕಲ್ಲ, ನಮ್ಮ ಕಡೆ ಯಕ್ಷಗಾನದ ಆಟದಲ್ಲಿ ಚಂಡೆ ಜೋರಾದಾಗಲೂ ಭಾಗವತರ ಸ್ವರ ಮೇಲೆ ನಿಲ್ಬೇಕಾದ ಹಾಗೆ. ಕ್ಲಾಸಿಕಲ್‌ಗೆ ಆ ಅವಸರ ಇಲ್ಲ, ಒಂದು ಸ್ವರ ಮೀಟಿದ್ರೆ ಅದು ಹಾಲ್‌ನ ಕೊನೆಯ ಸಾಲಿನ ತನಕ ಹೋಗ್ಬೇಕು, ನಿಲ್ಬೇಕು.

ಬೀಟೆ ಅಂದೆನಲ್ಲ, ನಾನು ಈ ಪತ್ರ ಬರೆಯೋಕೆ ಅಸಲು ಕಾರಣ ಅದೇ. ಮೊದಲು ಇವರೆಲ್ಲ ಬಳಸ್ತಿದ್ದದ್ದು ಬ್ರೆಜಿಲ್‌ನ ಬೀಟೆ. 1960ರ ದಶಕದ ಕೊನೆಗೆ ಅಲ್ಲಿಂದ ದಿಮ್ಮಿ ಬರೋದು ನಿಂತು, ಅಮೆರಿಕದ ಮಾರ್ಟಿನ್ ಕಂಪನಿ 1969ರ ಸುಮಾರಿಗೆ ಭಾರತದ ಬೀಟೆಗೆ ತಿರುಗಿತು, ಸ್ಪೇನಿನವರೂ ತಿರುಗಿದ್ರು. 1992ರಲ್ಲಿ ಬ್ರೆಜಿಲ್ ಬೀಟೆನ ಸೈಟಿಸ್, ಅಂದ್ರೆ ಅಳಿವಿನ ಅಪಾಯದ ಪ್ರಾಣಿ ಗಿಡಗಳ ವ್ಯಾಪಾರಕ್ಕೆ ಕಡಿವಾಣ ಹಾಕೋ ಅಂತರರಾಷ್ಟ್ರೀಯ ಒಪ್ಪಂದದ, ಅತಿ ಕಟ್ಟುನಿಟ್ಟಿನ ಪಟ್ಟಿಗೆ ಸೇರಿಸಿದ್ಮೇಲೆ ಅದರ ವ್ಯಾಪಾರಾನೇ ಹೆಚ್ಚೂಕಮ್ಮಿ ಮುಗೀತು. ಈಗ ಗ್ರನಾದಾದಲ್ಲಿ, ಮ್ಯಾಡ್ರಿಡ್‌ನಲ್ಲಿ ಮಾಡೋ ಕ್ಲಾಸಿಕಲ್ ಗಿಟಾರ್‌ನ ಬೆನ್ನು ತಿರುಗಿಸಿ ನೋಡಿದ್ರೆ ಹೆಚ್ಚಿನ ಸಲ ಕಾಣೋದು ನಮ್ಮ ಪಶ್ಚಿಮಘಟ್ಟದ ಬೀಟೆ. ಕೊಡಗು, ಚಿಕ್ಕಮಗಳೂರು, ವಯನಾಡಿನ ಕಾಫಿ ತೋಟದಲ್ಲಿ ನೆರಳಿಗೆ ಅಂತ ಬಿಟ್ಟ ಮರ, ನೀಲಗಿರಿ ಕಡೆಯ ಮರ. ದಿಮ್ಮಿ ಹೊರದೇಶಕ್ಕೆ ಹೋಗೋ ಹಾಗಿಲ್ಲ, ಹಾಗಾಗಿ ತೆಳು ಹಲಗೆಯಾಗಿ ಸೀಳಿ, ಜೋಡಿ ಜೋಡಿ ಕಟ್ಟಿ, ಗಿಟಾರ್ ಸೆಟ್ ಅಂತ ಕಳಿಸ್ತಾರೆ. ಅದೇ ಸೆಟ್ ಸ್ಪೇನಲ್ಲಿ ಗಿಟಾರ್ ಆಗಿ, ಹೆಸರುವಾಸಿ ಮೇಕರ್ ಆದ್ರೆ ಸಾವಿರಾರು ಯೂರೋಗೆ ಮಾರಾಟ ಆಗಿ, ಯಾವನೋ ಒಬ್ಬ ಮುಂಬೈ ಪುಣೆಯ ಹುಡುಗ ಡ್ಯೂಟಿ ಕಟ್ಟಿ ತರಿಸ್ಕೊಳ್ತಾನೆ. ನಮ್ಮ ಸಾಲ್ಸೆಟ್‌ನ ಹಿರಿಯರು ಏನ್ಮಾಡ್ತಾರೆ ಗೊತ್ತಾ? ಬೀಟೆ ಸೆಟ್ಟನ್ನ ಯುರೋಪಿನ ಅಂಗಡಿಯಿಂದ ಪಾರ್ಸಲ್ ತರಿಸ್ತಾರೆ. ಕಾರವಾರ ದಾಟಿದ್ರೆ ಬೀಟೆ ಕಾಡು, ಆದ್ರೆ ಮರ ಬರೋದು ಕಡಲಾಚೆಯಿಂದ. ನಾನು ನಂಬ್ಲಿಲ್ಲ, ಪಾರ್ಸಲ್ ಡಬ್ಬದ ಮೇಲಿನ ಸ್ಟಿಕ್ಕರ್ ತೋರಿಸಿದ್ರು.

ಯಾಕೆ ಹೀಗೆ? ಇಲ್ಲಿ ಸರ್ಕಾರಿ ಟಿಂಬರ್ ಡಿಪೋಗಳಲ್ಲಿ ಬೀಟೆ ಸಿಗೋದು ಹರಾಜಲ್ಲಿ, ದಿಮ್ಮಿ ಲೆಕ್ಕದಲ್ಲಿ, ಲಾಟ್ ಲೆಕ್ಕದಲ್ಲಿ. ಅಲ್ಲಿ ಕೂಗೋದು ದೊಡ್ಡ ವ್ಯಾಪಾರಿಗಳು. ವರ್ಷಕ್ಕೆ ಐದೋ ಆರೋ ಗಿಟಾರ್ ಮಾಡೋ ಮನುಷ್ಯ ಒಂದು ದಿಮ್ಮಿ ತಗೊಂಡು ಏನ್ಮಾಡ್ಲಿ, ಎಲ್ಲಿ ಇಡ್ಲಿ, ಯಾರ ಹತ್ರ ಸೀಳಿಸ್ಲಿ? ಗಿಟಾರ್‌ಗೆ ಬೇಕಾದ್ದು ಕ್ವಾರ್ಟರ್ ಕಟ್, ಅಂದ್ರೆ ಎಳೆ ಹಲಗೆಗೆ ನೆಟ್ಟಗೆ ನಿಲ್ಲೋ ಹಾಗೆ ಸೀಳಿದ್ದು, ಇಲ್ಲಾಂದ್ರೆ ಹವಾಮಾನ ಬದಲಾದ ಹಾಗೆ ಹಲಗೆ ತಿರುಚ್ಕೊಳ್ಳುತ್ತೆ. ಸಾಮಿಲ್‌ನವರು ಜಾಸ್ತಿ ಅಗಲ ಬರ್ಲಿ ಅಂತ ಅಡ್ಡಡ್ಡ ಸೀಳ್ತಾರೆ, ಬಾಗಿಲಿಗೆ, ಮಂಚಕ್ಕೆ ಅದು ನಡೀತದೆ. ಮತ್ತೆ ರಾಜ್ಯದ ಗಡಿ ದಾಟ್ಸೋಕೆ ಪಾಸ್ ಬೇಕು. 2023ರ ಕೊನೆಗೆ ಇಡೀ ದೇಶಕ್ಕೆ ಒಂದೇ ಪಾಸ್ ಅಂತ ಆನ್‌ಲೈನ್ ವ್ಯವಸ್ಥೆ ಬಂದಿದೆ, ಒಳ್ಳೇದೇ, ಆದ್ರೆ ಕೈಲಿ ಹಿಡ್ಕೊಂಡು ಬಸ್ಸಲ್ಲಿ ತರೋವಷ್ಟು ನಾಲ್ಕು ತೆಳು ಹಲಗೆಗೆ ಇಷ್ಟೆಲ್ಲ ಯಾರು ಓಡಾಡ್ತಾರೆ.

ನಾನು ಮರ ಜಾಸ್ತಿ ಕಡೀರಿ ಅಂತಿಲ್ಲ, ಇದನ್ನ ದಪ್ಪ ಅಕ್ಷರದಲ್ಲಿ ಹಾಕಿದ್ರೂ ಸರಿ. ಬೀಟೆ ಬೆಳೆಯೋದು ನಿಧಾನ, ಕಾಡಲ್ಲಿ ತಾನಾಗೇ ಹುಟ್ಟೋ ಸಸಿ ಕಮ್ಮಿ, ಅಳಿವಿನ ಅಪಾಯ ಇರೋ ಮರಗಳ ಪಟ್ಟಿಲಿ ಇದೆ. 2017ರ ಜನವರಿಯಿಂದ ಬ್ರೆಜಿಲ್‌ದು ಬಿಟ್ಟು ಉಳಿದೆಲ್ಲಾ ಜಾತಿ ಬೀಟೆನೂ ಸೈಟಿಸ್ ಎರಡನೇ ಪಟ್ಟಿಗೆ ಹಾಕಿದಾಗ ಗಿಟಾರ್ ಹೊರದೇಶಕ್ಕೆ ಮಾರೋಕೂ ಪರವಾನಗಿ ಕಾಗದ ಬೇಕಾಗಿತ್ತು, 2019ರ ನವೆಂಬರ್‌ನಲ್ಲಿ ತಯಾರಾದ ವಾದ್ಯಗಳಿಗೆ ವಿನಾಯ್ತಿ ಸಿಕ್ತು. ಯಾಕೆ ಸಿಕ್ತು ಅಂದ್ರೆ ಕಾಡು ಖಾಲಿ ಆಗ್ತಿರೋದು ಗಿಟಾರ್‌ನಿಂದ ಅಲ್ಲ, ಫರ್ನಿಚರ್‌ನಿಂದ. ಫರ್ನಿಚರ್‌ನವನಾಗಿ ನಾನೇ ಲೆಕ್ಕ ಕೊಡ್ತೀನಿ ನೋಡಿ. ಗಿಟಾರ್‌ನ ಹಿಂಬದಿಗೆ ಸುಮಾರು 55 ಸೆಂಟಿಮೀಟರ್ ಉದ್ದ 20 ಅಗಲದ ಎರಡು ತುಂಡು, ಪಕ್ಕಕ್ಕೆ 80 ಉದ್ದ 11 ಅಗಲದ ಎರಡು ಪಟ್ಟಿ, ದಪ್ಪ ಒಂದೊಂದಕ್ಕೂ 4 ಮಿಲಿಮೀಟರ್ ಹಿಡೀರಿ. ಗರಗಸದಲ್ಲಿ ಪುಡಿಯಾಗಿ ಹೋಗೋದು ಸೇರಿಸಿದ್ರೂ ಒಂದು ಸಿಎಫ್‌ಟಿ, ಅಂದ್ರೆ ಒಂದು ಘನ ಅಡಿ, ಒಳ್ಳೇ ಬೀಟೆಲಿ ಎಂಟು ಗಿಟಾರ್‌ಗೆ ಸಾಕಾಗುತ್ತೆ. ಒಂದು ಡಬಲ್ ಮಂಚಕ್ಕೆ ಎಂಟು ಹತ್ತು ಸಿಎಫ್‌ಟಿ ಸಲೀಸಾಗಿ ಹೋಗುತ್ತೆ. ಅಂದ್ರೆ ಒಂದು ಮಂಚದ ಮರದಲ್ಲಿ ಅರವತ್ತರಿಂದ ಎಂಬತ್ತು ಗಿಟಾರ್. ಮಂಚದ ಮೇಲೆ ಮಲಗೋದು ಇಬ್ಬರು, ಅದಕ್ಕೆ ಬೀಟೆನೇ ಆಗ್ಬೇಕಾ, ಹಲಸು, ಹೊನ್ನೆ ಸಾಲ್ದಾ? ನನ್ನ ಗಿರಾಕಿಗಳು ಇದನ್ನ ಓದಿ ಸಿಟ್ಟಾದ್ರೆ ಆಗ್ಲಿ.

ಹಾಗಾಗಿ ನಾನು ಕೇಳೋದು ಇಷ್ಟು. ಡಿಪೋಗೆ ಬರೋ ಬೀಟೆಯಲ್ಲೇ, ಗಾಳಿಗೆ ಬಿದ್ದದ್ದು, ಒಣಗಿ ನಿಂತದ್ದು ಇರ್ತಾವಲ್ಲ, ಅದ್ರಲ್ಲೇ ಒಂದು ಚೂರು ಪಾಲು ಎತ್ತಿಟ್ಟು, ಕ್ವಾರ್ಟರ್ ಕಟ್ ಮಾಡಿಸಿ, ನೆರಳಲ್ಲಿ ಒಣಗಿಸಿ, ವಾದ್ಯ ಮಾಡೋರಿಗೆ ಸೆಟ್ ಲೆಕ್ಕದಲ್ಲಿ ರೇಟ್ ಹಾಕಿ ರಸೀದಿ ಕೊಟ್ಟು ಮಾರ್ಲಿ, ಆ ರಸೀದಿನೇ ಪಾಸ್ ಅಂತ ಎರಡೂ ರಾಜ್ಯ ಒಪ್ಪಿಕೊಳ್ಳಲಿ. ಗಿಟಾರ್‌ನವರಿಗೆ ಮಾತ್ರ ಅಂತಲ್ಲ, ವೀಣೆ ಮಾಡೋರಿಗೂ ಸಿಗ್ಲಿ. ಇಲಾಖೆಗೂ ನಷ್ಟ ಇಲ್ಲ, ದಿಮ್ಮಿ ರೇಟಿಗಿಂತ ಸೆಟ್ ರೇಟು ಎಷ್ಟೋ ಪಾಲು ಜಾಸ್ತಿ ಬರುತ್ತೆ.

ಇನ್ನೊಂದು ದಾರಿ ಗೋವಾದಲ್ಲೇ ಇದೆ, ಅದಕ್ಕೆ ಯಾವ ಇಲಾಖೆನೂ ಬೇಡ. ಹಳೇ ಬೀಟೆ ಫರ್ನಿಚರ್. ಮನೆ ಮಾರಿ ಮಕ್ಕಳು ಲಿಸ್ಬನ್‌ಗೋ ಲಂಡನ್‌ಗೋ ಹೋದಾಗ ಒಳ್ಳೇ ಪೀಸುಗಳು ಆಂಟಿಕ್ ಅಂಗಡಿಗೆ ಹೋಗ್ತಾವೆ, ಕಾಲು ಮುರಿದದ್ದು, ಹುಳ ಹಿಡಿದದ್ದು ಹಿತ್ತಲಲ್ಲಿ ಬಿದ್ದಿರ್ತಾವೆ. ಅಂಥ ಒಂದು ಊಟದ ಮೇಜಿನ ಹಲಗೆನ ನಾನು ಹಿರಿಯರಿಗೆ ತೋರಿಸಿದೆ, ಮೇಲಿನ ಕೊಳೆ ಕೆರೆದು ಸ್ಪಿರಿಟ್ ಒರೆಸಿದ್ರೆ ಒಳಗೆ ನೇರಳೆ ಕಪ್ಪು ಗೆರೆ, ಒಂದೇ ಒಂದು ಬಿರುಕಿಲ್ಲ, ಎಷ್ಟೋ ದಶಕ ಗೋವಾದ ಮಳೆ ಬಿಸಿಲು ಎರಡೂ ಕಂಡ ಮರ, ಇನ್ನೇನು ತಿರುಚ್ಕೊಳ್ಳುತ್ತೆ ಅದು. ಗೆಣ್ಣಿಂದ ತಟ್ಟಿದ್ರು, ಟಣ್ ಅಂತು, ಇನ್ನೊಮ್ಮೆ ತಟ್ಟಿದ್ರು. ಆ ಮೇಜಲ್ಲಿ ಈಗ ಮೂರು ಗಿಟಾರ್ ಆಗಿದಾವೆ. ಬೀಟೆ ಎಣ್ಣೆ ಮರ, ಅಂಟು ಸರಿಯಾಗಿ ಹಿಡಿಯಲ್ಲ, ಅಂಟಿಸೋ ಮುಂಚೆ ಅಸಿಟೋನ್‌ನಲ್ಲಿ ಒರೆಸ್ಬೇಕು, ಮತ್ತೆ ಅದರ ಧೂಳು ಕೆಲವರಿಗೆ ಮೈ ತುರಿಕೆ, ಸೀನು ತರುತ್ತೆ, ಮಾಸ್ಕ್ ಇಲ್ದೆ ಕೆಲಸ ಮಾಡೋ ನಮ್ಮ ಹುಡುಗರಿಗೆ ಇದನ್ನ ಎಷ್ಟು ಸಲ ಹೇಳಿದ್ರೂ ಅಷ್ಟೇ.

ಕೆಲಸ ಕಲಿಯೋರು ಎಲ್ಲಿದ್ದಾರೆ ಅಂತ ಕೇಳ್ಬಹುದು. ಗೋವಾದಲ್ಲಿ ಬಾಗಿಲು, ಕಿಟಕಿ, ಅಡುಗೆಮನೆ ಕಪಾಟು ಮಾಡ್ತಿರೋರಲ್ಲಿ ಎಷ್ಟು ಜನ ಕುಮಟಾ, ಹೊನ್ನಾವರ, ಅಂಕೋಲಾ ಕಡೆಯ ಆಚಾರಿಗಳು ಅಂತ ಒಂದು ಬೆಳಿಗ್ಗೆ ಕಾರವಾರ ಕಡೆಯಿಂದ ಬರೋ ಬಸ್ಸು, ಟ್ರೇನ್ ಹತ್ರ ನಿಂತ್ರೆ ಗೊತ್ತಾಗುತ್ತೆ. ದೇವರ ಪಲ್ಲಕ್ಕಿ ಮಾಡಿದ ಮನೆತನದ ಕೈಗಳು ಈಗ ಪ್ಲೈವುಡ್‌ಗೆ ಸನ್ಮೈಕಾ ಅಂಟಿಸ್ತಾ ಇದಾವೆ. ಫೆವಿಕಾಲ್ ಡಬ್ಬ, ನೇಲ್ ಗನ್, ಇಷ್ಟೇ ಸಾಮಾನು. ಗಿಟಾರ್‌ಗೆ ಬೇಕಾದ ಕೆಲಸಗಳು ಒಂದೊಂದೂ ನಮ್ಮವರಿಗೆ ಗೊತ್ತಿರೋದೇ ಅಥವಾ ಅಜ್ಜನಿಗೆ ಗೊತ್ತಿದ್ದದ್ದೇ. ಹಿರಿಯರು ಚರ್ಮದ ಸರೇಸು ಅನ್ನೋ ಅಂಟನ್ನ ನೀರಿನ ಪಾತ್ರೆ ಒಳಗೆ ಪಾತ್ರೆ ಇಟ್ಟು ಕಾಯಿಸ್ತಾರೆ, ನನ್ನ ಅಪ್ಪನೂ ಹಾಗೇ ಕಾಯಿಸ್ತಿದ್ದ, ಅದೇ ವಾಸನೆ. ಸ್ಪೇನಿನ ಪದ್ಧತಿಲಿ ಸೊಲೆರಾ ಅನ್ನೋ ಒಂದು ಹಲಗೆ ಮೇಲೆ ಗಿಟಾರ್‌ನ ಬೋರಲು ಮಲಗಿಸಿ ಕಟ್ತಾರೆ, ಕುತ್ತಿಗೆ ಬುಡದಲ್ಲೇ ಎರಡು ಸೀಳು ಬಿಟ್ಟು ಪಕ್ಕದ ಪಟ್ಟಿಗಳನ್ನ ಅದರೊಳಗೆ ತೂರಿಸ್ತಾರೆ, ಮುಂದಿನ ಹಲಗೆಗೂ ಪಕ್ಕಕ್ಕೂ ಜೋಡಣೆ ಸಣ್ಣ ಸಣ್ಣ ಮರದ ತುಂಡುಗಳನ್ನ ಒಂದೊಂದಾಗಿ ಅಂಟಿಸಿ. ಮೊಳೆ ಇಲ್ಲ, ಸ್ಕ್ರೂ ಅಂದ್ರೆ ತಂತಿ ಬಿಗಿಸೋ ಕಿವಿಗೆ ಮಾತ್ರ. ಪಕ್ಕದ ಪಟ್ಟಿ ಬಗ್ಗಿಸೋದು ಕಾದ ಕಬ್ಬಿಣದ ಪೈಪ್ ಮೇಲೆ, ಒದ್ದೆ ಮಾಡಿ ನಿಧಾನಕ್ಕೆ ಒತ್ತಿದ್ರೆ ಒಂದು ಹೊತ್ತಲ್ಲಿ ಮರ ಸಡನ್ನಾಗಿ ಸಡಿಲ ಆಗುತ್ತೆ, ಆ ಕ್ಷಣ ಕೈಗೆ ಗೊತ್ತಾಗ್ಬೇಕು, ಇಲ್ಲಾಂದ್ರೆ ಚಟ್ ಅಂತ ಮುರೀತದೆ, ಸೆಟ್ ಹೋಯ್ತು. ಗಿಟಾರ್ ಬಾಯಿ ಸುತ್ತ ಇರೋ ಬಣ್ಣ ಬಣ್ಣದ ಚಿತ್ತಾರ ಪೇಂಟ್ ಅಂತ ಎಷ್ಟೋ ಜನ ಅಂದ್ಕೊಂಡಿದ್ದಾರೆ, ಕೈಕೆಲಸದ ಗಿಟಾರ್‌ನಲ್ಲಿ ಅದು ಬಣ್ಣ ಹಾಕಿದ ಮರದ ಎಳೆಗಳನ್ನ ಕಟ್ಟು ಕಟ್ಟಿ ಅಡ್ಡ ಕೊಯ್ದು ಚೂರು ಚೂರು ಕೂರಿಸಿದ್ದು. ಮೈಸೂರಿನ ಬೀಟೆ ಇನ್‌ಲೇ ಕೆಲಸಕ್ಕೆ ಜಿಐ ಟ್ಯಾಗ್ ಇದೆಯಲ್ಲ, ಅವರ ಕೈಗೆ ಕೊಟ್ರೆ ಗ್ರನಾದಾದವರೇ ಬಂದು ನೋಡ್ಬೇಕು ಹಾಗೆ ಮಾಡ್ತಾರೆ. ಸಾಗರ, ಸಿದ್ದಾಪುರ ಕಡೆಯ ಗುಡಿಗಾರರ ಉಳಿ ಬಗ್ಗೆ ಹೇಳೋದೇ ಬೇಡ.

ಇದೆಲ್ಲ ಕನಸು ಅಂತ ಅನ್ನೋರು ಮಿರಜ್ ನೋಡ್ಲಿ. ಹುಬ್ಬಳ್ಳಿಯಿಂದ ಪುಣೆಗೆ ಹೋಗೋ ದಾರೀಲೇ ಇದೆ. ಕತ್ತಿ ಮಸೆಯೋ ಶಿಕಲಗಾರ್ ಮನೆತನದವರು ಸಿತಾರ್, ತಂಬೂರಿ ಮಾಡೋಕೆ ಕಲ್ತು, ಇವತ್ತು ಧಾರವಾಡದ ಗಾಯಕರಿಂದ ಹಿಡಿದು ದೇಶಕ್ಕೆಲ್ಲ ತಂಬೂರಿ ಅಲ್ಲಿಂದ ಹೋಗುತ್ತೆ, 2024ರಲ್ಲಿ ಜಿಐ ಟ್ಯಾಗೂ ಸಿಕ್ತು. ಮೆಕ್ಸಿಕೋದಲ್ಲಿ ಪರಾಚೋ ಅಂತ ಒಂದು ಊರು, ಬೀದಿ ಬೀದಿಲಿ ಗಿಟಾರ್ ಮಾಡೋರು. ಗ್ರನಾದಾದಲ್ಲಿ ಅಲ್ಹಾಂಬ್ರಾ ಅರಮನೆಗೆ ಹತ್ತೋ ಗೊಮೆರೆಸ್ ಬೀದಿಲಿ ಗಿಟಾರ್ ವರ್ಕ್‌ಶಾಪ್‌ಗಳಿವೆ, ಒಬ್ಬ ಮೇಕರ್ ಹತ್ರ ಕಲ್ತವನು ನಾಲ್ಕು ಬಾಗಿಲು ಆಚೆ ತನ್ನದೇ ಅಂಗಡಿ ಹಾಕ್ತಾನೆ, ಅದು ಹಾಗೇ ಬೆಳೆದದ್ದು. ಸ್ಪೇನಿನವರೇ ಮಾಡ್ಬೇಕು ಅಂತಲೂ ಇಲ್ಲ ನೋಡಿ, ಸ್ಪೇನಿನ ಹೆಸರಾಂತ ಕ್ಲಾಸಿಕಲ್ ವಾದಕ ಸೆಗೋವಿಯಾ ವರ್ಷಗಟ್ಟಲೆ ನುಡಿಸಿದ 1937ರ ಗಿಟಾರ್ ಮಾಡಿದ್ದು ಜರ್ಮನಿಯ ಹರ್ಮನ್ ಹೌಸರ್, ಅದು ಈಗ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂನಲ್ಲಿದೆ. ಜರ್ಮನಿಯವನ ಕೈಯಲ್ಲಿ ಆಗೋದು ಅಂಕೋಲಾದವನ ಕೈಯಲ್ಲಿ ಯಾಕಾಗ್ಬಾರ್ದು.

ತೊಂದರೆ ಇಲ್ಲ ಅಂತಲ್ಲ. ದೊಡ್ಡ ತೊಂದರೆ ಹವೆ. ಗಿಟಾರ್ ಕಟ್ಟೋ ಕೋಣೆಲಿ ಗಾಳಿಯ ತೇವ ಶೇಕಡಾ 45 ರಿಂದ 50ರೊಳಗೆ ಇರ್ಬೇಕು ಅಂತಾರೆ, ಗೋವಾದ ಜುಲೈಲಿ ಅದು 90 ಆಗಿರುತ್ತೆ. ತೇವದಲ್ಲಿ ಉಬ್ಬಿದ ಹಲಗೆಗೆ ಪಟ್ಟಿ ಅಂಟಿಸಿ ಗಿಟಾರ್ ಮಾಡಿ ಅದನ್ನ ಏಪ್ರಿಲ್‌ನಲ್ಲಿ ಪುಣೆಗೋ ಧಾರವಾಡಕ್ಕೋ ಒಯ್ದ್ರೆ ಹಲಗೆ ಕುಗ್ಗಿ ನಡುವೆ ಸೀಳಿ ಬಿಡುತ್ತೆ. ಹಿರಿಯರು ಒಂದು ಸಣ್ಣ ಕೋಣೆಗೆ ಡಿಹ್ಯುಮಿಡಿಫೈಯರ್ ಹಾಕಿ ಕಿಟಕಿ ಸಂದಿಗೆಲ್ಲ ಟೇಪ್ ಅಂಟಿಸಿದ್ದಾರೆ, ಆದ್ರೂ ಮಳೆಗಾಲದಲ್ಲಿ ಅಂಟಿಸೋ ಕೆಲಸ ಮುಟ್ಟಲ್ಲ, ಕುತ್ತಿಗೆ ಕೆತ್ತೋದು, ಚಿತ್ತಾರ ಮಾಡೋದು ಅಷ್ಟೇ. ಕರೆಂಟ್ ಹೋದ್ರೆ ಮನೆಯವರೆಲ್ಲ ಫ್ಯಾನ್ ನಿಂತಿತು ಅಂತಾರೆ, ಇವರು ಹಲಗೆ ನೋಡೋಕೆ ಓಡ್ತಾರೆ.

ಬೆಲೆ ವಿಷಯಕ್ಕೂ ಉತ್ತರ ಇದರಲ್ಲೇ ಇದೆ. ಒಬ್ಬನೇ ಕೂತು ಮಾಡಿದ್ರೆ ವರ್ಷಕ್ಕೆ ಹತ್ತು ಹದಿನೈದು ಗಿಟಾರ್ ಮಾಡಿದವನೇ ಗಟ್ಟಿಗ, ಅದಕ್ಕೆ ಮರ ವರ್ಷಗಳ ಮುಂಚೆ ತಗೊಂಡು ಒಣಗಿಸಿಟ್ಟಿರ್ಬೇಕು, ಮುರಿದದ್ದು, ನಾದ ಬರದೇ ಒಲೆಗೆ ಹೋದದ್ದು ಎಲ್ಲಾ ಅವನ ತಲೆ ಮೇಲೆ. ಮಾಡ್ಯುಲರ್ ಕಿಚನ್‌ಗೆ ಏಳೆಂಟು ಲಕ್ಷ ಬಿಸಾಕೋದಕ್ಕೆ ಶೋಕಿ ಅನ್ನಲ್ಲ, ಇದಕ್ಕೆ ಅಂತೀವಿ.

ಇಷ್ಟೆಲ್ಲ ಹೇಳಿ ಒಂದು ಮಾತು ತದ್ವಿರುದ್ಧ ಹೇಳ್ತೀನಿ, ತಂದೆ ತಾಯಂದಿರು ಬೇಜಾರಾಗ್ಬೇಡಿ. ಗೋವಾದಲ್ಲಿ, ಮುಂಬೈಲಿ ನಮ್ಮ ಕನ್ನಡದ ಮಕ್ಕಳೂ ಈಗ ಗಿಟಾರ್ ಗ್ರೇಡ್ ಪರೀಕ್ಷೆಗೆ ಕೂರ್ತಾರೆ. ಕಲಿಯೋ ಮಗುವಿಗೆ ಕೈಕೆಲಸದ ಗಿಟಾರ್ ಕೊಡ್ಸೋಕೆ ಹೋಗ್ಬೇಡಿ. ಮೊದಲ ವರ್ಷಗಳಿಗೆ ಪ್ಲೈ ಗಿಟಾರೇ ಒಳ್ಳೇದು, ಮಳೆಗೆ ಬಿರುಕು ಬಿಡಲ್ಲ, ಬಿದ್ರೂ ಚಿಂತೆ ಇಲ್ಲ. ಮಗುವಿನ ಅಳತೆಗೆ ಅರ್ಧ ಸೈಜ್, ಮುಕ್ಕಾಲು ಸೈಜ್ ಅಂತ ಸಿಗ್ತಾವೆ, ಅದನ್ನೇ ತಗೊಳ್ಳಿ. ಆದ್ರೆ ಆ ಪ್ಲೈ ಗಿಟಾರ್‌ಗೆ ಹ್ಯಾಂಡ್‌ಮೇಡ್ ಅಂತ ಚೀಟಿ ಅಂಟಿಸಿ ಜಾಸ್ತಿ ರೇಟ್ ಹೇಳಿದ್ರೆ ಬಾಯಿ ರಂಧ್ರದ ಅಂಚು ನೋಡಿ. ಒಂದೇ ಮರ ಆದ್ರೆ ಮೇಲಿನ ಎಳೆ ಅಂಚಿನ ದಪ್ಪದಲ್ಲೂ ಮುಂದುವರಿಯುತ್ತೆ, ಪ್ಲೈ ಆದ್ರೆ ಮೂರು ಪದರ ಕಣ್ಣಿಗೇ ಕಾಣುತ್ತೆ, ಕೆಲವರು ಅಲ್ಲಿಗೆ ಕಪ್ಪು ಬಣ್ಣ ಬಳಿದು ಮುಚ್ಚಿರ್ತಾರೆ. ನನ್ನ ಅಕ್ಕನ ಮಗಳಿಗೆ ಒಂದು ಅಂಗಡಿಲಿ ಹಾಗೇ ಮಾರಿದ್ರು, ನಾನು ಮೊಬೈಲ್ ಟಾರ್ಚ್ ಬಿಟ್ಟು ತೋರಿಸಿದ್ಮೇಲೆ ಬೆಲೆ ಇಳಿಸಿದ್ರು.

ನಿಮ್ಮಲ್ಲಿ ವಿನಂತಿ ಏನಂದ್ರೆ, ಫೋಟೋ ತಿದ್ದುಪಡಿ ಒಂದು ಸಾಲು ಹಾಕಿ, ಮತ್ತೆ ಡಿಪೋದಲ್ಲಿ ಸಣ್ಣ ಲಾಟ್ ಬೀಟೆ ಮಾರಾಟದ ಬಗ್ಗೆ ಅರಣ್ಯ ಇಲಾಖೆಯವರನ್ನ ನಿಮ್ಮ ವರದಿಗಾರರು ಒಂದ್ಸಲ ಕೇಳಿ ಉತ್ತರ ಬರೀಲಿ, ನಾವು ಕೇಳಿದ್ರೆ ಯಾರೂ ಉತ್ತರ ಕೊಡಲ್ಲ. ಗಿಟಾರ್ ಮಾಡೋದನ್ನ ಕಣ್ಣಾರೆ ನೋಡಿ ಬರೀತೀವಿ ಅಂದ್ರೆ ಹಿರಿಯರನ್ನ ಒಪ್ಪಿಸೋ ಜವಾಬ್ದಾರಿ ನನ್ನದು, ಆದ್ರೆ ಜನವರಿ ಫೆಬ್ರವರಿಲೇ ಬನ್ನಿ, ಆಗಲೇ ಹಲಗೆ ಅಂಟಿಸೋದು, ಆಗಲೇ ನಾನೂ ಪಾಲಿಶ್‌ಗೆ ಅಲ್ಲೇ ಇರ್ತೀನಿ. ಬರೋವಾಗ ಫೋಟೋಗ್ರಾಫರ್‌ಗೆ ಹೇಳಿ, ಹಲಗೆ ಹತ್ರ ಫ್ಯಾನ್ ಹಾಕಿ ಅಂತ ಕೇಳ್ಬಾರ್ದು.

ಇಂತಿ,
ಮಡಗಾಂವಿನ ಒಬ್ಬ ಪಾಲಿಶ್ ಕೆಲಸದವ
ಮೂಲ ಕುಮಟಾ, ಉತ್ತರ ಕನ್ನಡ